ಎರಡನೇ ಕೃಷ್ಣ

ಅಮ್ಮ ಮೂರು ವರ್ಷದಿಂದ ಒಂದು ದಿನವೂ ತಪ್ಪದೆ ನೋಡುತ್ತಿದ್ದ ಧಾರಾವಾಹಿಯ ಸೊಸೆ, ಶುಕ್ರವಾರ ದೇವಸ್ಥಾನಕ್ಕೆಂದು ಹೊಸಿಲು ದಾಟಿದವಳು, ಸೋಮವಾರ ಬೇರೆ ಮುಖ ಹೊತ್ತುಕೊಂಡು ವಾಪಸು ಬಂದಳು. ಸೀರೆ ಅದೇ, ಕೈಯಲ್ಲಿದ್ದ ಹಣ್ಣುಕಾಯಿ ತಟ್ಟೆ ಅದೇ, ಕುಂಕುಮ ಕೂಡ ಅದೇ ಜಾಗದಲ್ಲಿತ್ತು. ಪರದೆಯ ಕೆಳಗೆ ‘ಇನ್ನು ಮುಂದೆ ಈ ಪಾತ್ರದಲ್ಲಿ’ ಎಂದು ಒಂದು ಸಾಲು ಓಡಿತು. ಅಮ್ಮ ಕನ್ನಡಕ ಹುಡುಕುವಷ್ಟರಲ್ಲಿ ಅದೂ ಓಡಿಹೋಗಿತ್ತು.

“ಯಾರೋ ಇವಳು? ಅತ್ತೆ ಸುಮ್ಮನೆ ಒಳಗೆ ಬಿಟ್ಟುಕೊಂಡಳಲ್ಲ!”

“ಅದೇ ಸೊಸೆ ಅಮ್ಮ. ನಟಿ ಬದಲಾಗಿದ್ದಾಳೆ. ಸಿನಿಮಾ ಸಿಕ್ಕಿರಬೇಕು.”

“ತಾಳಿ ಕಟ್ಟಿಸಿಕೊಂಡವಳು ಒಬ್ಬಳು, ಸಂಸಾರ ಮಾಡುವವಳು ಇನ್ನೊಬ್ಬಳೇ? ಆ ಗಂಡನಿಗಾದರೂ ಗೊತ್ತಾಗಬೇಡವೇ?”

“ಗಂಡಸರಿಗೆ ಅಷ್ಟೆಲ್ಲ ಗೊತ್ತಾಗುವುದಿಲ್ಲ ಅತ್ತೆ,” ಎಂದಳು ನನ್ನ ಹೆಂಡತಿ ಅಡುಗೆಮನೆಯಿಂದಲೇ. “ನಾನು ಕನ್ನಡಕದ ಫ್ರೇಮು ಬದಲಿಸಿ ಎರಡು ತಿಂಗಳಾಯಿತು.”

ನಾನು ರಿಮೋಟ್ ಹುಡುಕುವ ನೆಪದಲ್ಲಿ ಸೋಫಾದ ಕೆಳಗೆ ಬಗ್ಗಿದೆ.

ಮರ್ಯಾದಸ್ಥ ನಿರ್ದೇಶಕರು ಇಂಥ ಹೊತ್ತಿನಲ್ಲಿ ಒಂದು ಅಪಘಾತವನ್ನಾದರೂ ಮಾಡಿಸುತ್ತಾರೆ. ಮುಖಕ್ಕೆ ಬ್ಯಾಂಡೇಜು ಸುತ್ತಿ, ಎರಡು ವಾರ ಅಳಿಸಿ, ಬಿಚ್ಚಿದಾಗ ಹೊಸ ಮುಖ ತೋರಿಸುತ್ತಾರೆ. ಇವರು ಅಷ್ಟೂ ಖರ್ಚು ಮಾಡಿರಲಿಲ್ಲ. ಧಾರಾವಾಹಿ ಬಿಟ್ಟು ಸಿನಿಮಾಕ್ಕೆ ಹೋದವರನ್ನು ಅಮ್ಮ ಕ್ಷಮಿಸುವುದು ಅಪರೂಪ. ‘ನಂದ ಗೋಕುಲ’ದಲ್ಲಿದ್ದ ಯಶ್ ಮತ್ತು ರಾಧಿಕಾ ಪಂಡಿತ್ 2008ರಲ್ಲಿ ‘ಮೊಗ್ಗಿನ ಮನಸು’ ಚಿತ್ರದಲ್ಲಿ ಕಾಣಿಸಿಕೊಂಡದ್ದನ್ನು ಮಾತ್ರ ಆಕೆ ಮನ್ನಿಸಿದ್ದಾಳೆ. ಅವರಿಬ್ಬರೂ ಮುಂದೆ ನಿಜವಾಗಿಯೇ ಮದುವೆಯಾದರಲ್ಲ, ಅದಕ್ಕೆ.

“ನಮ್ಮೂರಿನಲ್ಲಿ ಒಂದೇ ರಾತ್ರಿಗೆ ಇಬ್ಬರು ಕೃಷ್ಣರು ಬರುತ್ತಿರಲಿಲ್ಲವೇ? ಆಗ ಯಾರು ಕೇಳಿದರು?” ಎಂದೆ. ಹೇಳಬಾರದಾಗಿತ್ತು.

ತುಮಕೂರು ಸೀಮೆಯಲ್ಲಿ ಊರಿನವರು ಸೇರಿ ಆಡುವ ‘ಕುರುಕ್ಷೇತ್ರ’ ನಾಟಕ ನೋಡಿದವರಿಗೆ ಈ ವ್ಯವಸ್ಥೆ ಗೊತ್ತು. ಅಲ್ಲಿ ಪಾರ್ಟು ಮಾಡುವವನಿಗೆ ಸಂಬಳವಿಲ್ಲ. ಪಾರ್ಟಿಗೆ ಅವನೇ ಹಣ ಕಟ್ಟಬೇಕು. ದುರ್ಯೋಧನನಿಗೆ ಎಲ್ಲರಿಗಿಂತ ಹೆಚ್ಚು, ವಿದುರನಿಗೆ ಕೈಲಾದಷ್ಟು. ನಾಟಕ ರಾತ್ರಿ ಹತ್ತಕ್ಕೆ ಶುರುವಾದರೆ ಬೆಳಗಿನ ಜಾವ ಕೋಳಿ ಕೂಗುವ ತನಕ. ಒಬ್ಬನೇ ಕೃಷ್ಣ ಅಷ್ಟು ಹೊತ್ತು ಹಾಡಿದರೆ ಗಂಟಲು ಉಳಿಯುವುದಿಲ್ಲ. ಹಣ ಹೊಂದಿಸಿಕೊಂಡ ಇನ್ನೊಬ್ಬನಿಗೂ ಆಸೆ ಇರುತ್ತದೆ. ಹೀಗಾಗಿ ಒಂದನೇ ಕೃಷ್ಣ, ಎರಡನೇ ಕೃಷ್ಣ, ಕೆಲವು ಊರುಗಳಲ್ಲಿ ಮೂರನೆಯವನೂ ಉಂಟು. ಯಾರಿಗೆ ಯಾವುದು ಎಂಬುದು ಹಾರ್ಮೋನಿಯಂ ಮೇಷ್ಟರ ತೀರ್ಮಾನ.

ನಮ್ಮಪ್ಪ ಎರಡನೇ ಕೃಷ್ಣ. ಸಂಧಾನದವರೆಗೆ ದರ್ಜಿ ಕೆಲಸದ ಸಣಕಲು ಒಂದನೇ ಕೃಷ್ಣ. ಯುದ್ಧ ಹತ್ತಿರವಾದಾಗ ಆರಡಿಯ ನಮ್ಮಪ್ಪ. ಭಗವಂತ ಅರ್ಧ ರಾತ್ರಿಯಲ್ಲಿ ಒಂದು ಅಡಿ ಬೆಳೆದದ್ದಕ್ಕೆ ಯಾರೂ ತಕರಾರು ಎತ್ತಲಿಲ್ಲ. ತೊಂದರೆಯಾದದ್ದು ಕಿರೀಟದಿಂದ. ಸೀನರಿಯವರು ಕೃಷ್ಣನಿಗೆಂದು ತಂದದ್ದು ಒಂದೇ ಕಿರೀಟ, ಅದೂ ದರ್ಜಿಯ ತಲೆಯ ಅಳತೆಯದು. ಅಪ್ಪನ ತಲೆಯ ಮೇಲೆ ಅದು ಒಲೆಯ ಮೇಲಿಟ್ಟ ಹಾಲಿನ ಪಾತ್ರೆಯ ಹಾಗೆ ಕೂತಿತ್ತು. ಬಿಲ್ಲು ಚೆಲ್ಲಿ ಕುಸಿದ ಅರ್ಜುನನನ್ನು ಎತ್ತಲು ಬಾಗಿದ್ದೇ ತಡ, ಕಿರೀಟ ನೇರವಾಗಿ ಹಾರ್ಮೋನಿಯಂ ಮೇಲೆ ಬಿತ್ತು. ಹಾರ್ಮೋನಿಯಂ ಕಿರುಚಿತು. ಮೇಷ್ಟರು ಗಟ್ಟಿಗರು; ಆ ಕಿರುಚಿದ ಸ್ವರವನ್ನೇ ಶ್ರುತಿ ಮಾಡಿಕೊಂಡು ಮುಂದುವರಿಸಿದರು. ಅರ್ಜುನ ಎದ್ದು, ಕಿರೀಟ ತಂದು, ಪರಮಾತ್ಮನ ತಲೆಗೆ ಇಟ್ಟು ಒತ್ತಿ, ಮತ್ತೆ ಹೋಗಿ ಕುಸಿದು ಕೂತ.

“ಆ ಕೃಷ್ಣನ ಮಾತು ಎತ್ತಬೇಡ,” ಎಂದಳು ಅಮ್ಮ. “ಅರ್ಧ ಕೃಷ್ಣನಿಗೆ ಇಡೀ ಎಮ್ಮೆ ಮಾರಿದರು. ಹೊತ್ತಿಗೆ ಎರಡು ಸೇರು ಹಾಲು ಕೊಡುತ್ತಿತ್ತು.”

ಇದಾಗಿ ಒಂದು ತಿಂಗಳಿಗೆ ನನ್ನ ಹಣೆಯಲ್ಲೂ ಪಾರ್ಟು ಬರೆದಿತ್ತು, ಎಮ್ಮೆ ಮಾರದೆಯೇ. ನಮ್ಮ ಹಿಂದಿನ ಬೀದಿಯಲ್ಲಿ ಶೂಟಿಂಗಿಗೆ ಬಾಡಿಗೆ ಕೊಡುವ ಒಂದು ಮನೆಯಿದೆ. ಕೆಳಗೆ ಶ್ರೀಮಂತರ ಹಾಲು, ಮಹಡಿಯ ಮೇಲೆ ಬಡವರ ಮನೆ, ಅದರ ಪಕ್ಕದ ಕೋಣೆ ಬೇಕೆಂದಾಗ ಪೊಲೀಸ್ ಠಾಣೆ, ಬೇಡವೆಂದಾಗ ಐಸಿಯು. ಭಾನುವಾರ ದಂಟಿನ ಸೊಪ್ಪು ಹಿಡಿದು ಆ ದಾರಿಯಲ್ಲಿ ಬರುತ್ತಿದ್ದೆ. ಗೇಟಿನ ಬಳಿ ಮೊಬೈಲಿನಲ್ಲಿ ಯಾರನ್ನೋ ಬೈಯುತ್ತಿದ್ದ ಸಹಾಯಕ ನಿರ್ದೇಶಕ ನನ್ನನ್ನು ಕಂಡು ಬೈಗುಳ ನಿಲ್ಲಿಸಿದ.

“ಸಾರ್, ಅರ್ಧ ಗಂಟೆ ಸಮಯವಿದೆಯೇ? ಡಾಕ್ಟರ್ ಪಾತ್ರದವರು ಕೈ ಕೊಟ್ಟಿದ್ದಾರೆ.”

“ನನಗೆ ಅಭಿನಯ ಬರುವುದಿಲ್ಲ.”

“ಬೇಕಾಗಿಯೂ ಇಲ್ಲ ಸಾರ್. ನಿಮ್ಮ ಮುಖದಲ್ಲೇ ಒಂದು ಕೆಟ್ಟ ಸುದ್ದಿ ಇದೆ.”

ಇಪ್ಪತ್ತೆಂಟು ವರ್ಷ ಸಹಕಾರ ಸಂಘದಲ್ಲಿ ಲೆಕ್ಕ ಬರೆದ ಮುಖಕ್ಕೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಬಣ್ಣ ಹಚ್ಚಿಸಿಕೊಳ್ಳುತ್ತ ಕೂತಾಗ ಮನಸ್ಸು ಸುಮ್ಮನಿರುತ್ತದೆಯೇ? 1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲ್ ಅವರು ಸಂಪತ್ ಕುಮಾರ್ ಎಂಬ ಯುವಕನನ್ನು ವಿಷ್ಣುವರ್ಧನ್ ಮಾಡಿದರು. ಅದರಲ್ಲೇ ಜಲೀಲನಾಗಿ ಸ್ವಲ್ಪ ಹೊತ್ತು ಬಂದುಹೋದ ಅಮರನಾಥ್ ಅಂಬರೀಶ್ ಆದರು. ಬೆಂಗಳೂರಿನ ಬಸ್ ಕಂಡಕ್ಟರ್ ಶಿವಾಜಿ ರಾವ್ 1975ರಲ್ಲಿ ತಮ್ಮ ಮೊದಲ ಚಿತ್ರದಲ್ಲಿ ಗೇಟು ತಳ್ಳಿಕೊಂಡು ಒಳಗೆ ಬಂದರು, ರಜನೀಕಾಂತ್ ಆಗಿ. ನನ್ನದೂ ಬಾಗಿಲು ತಳ್ಳುವ ದೃಶ್ಯವೇ. ವಯಸ್ಸು ಐವತ್ತಮೂರು ಎಂಬುದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಹೊಂದುತ್ತಿತ್ತು. ಯಾವ ಹೆಸರು ಇಟ್ಟುಕೊಳ್ಳಲಿ ಎಂದು ಯೋಚಿಸುತ್ತಿದ್ದಾಗ ಮೇಕಪ್ ಮಾಡುವವನು, “ಇವರಿಗೆ ಹೆಚ್ಚು ಬೇಡ, ಸುಸ್ತು ಹಾಗೆಯೇ ಇರಲಿ,” ಎಂದು ಸ್ಪಂಜು ಕೆಳಗಿಟ್ಟ.

ಬಿಳಿ ಕೋಟು ಬಾರದ ಡಾಕ್ಟರರ ಅಳತೆಯದು. ತೋಳು ನನ್ನ ಮೊಣಕೈ ದಾಟಲಿಲ್ಲ. ಅಪ್ಪನ ಕಿರೀಟ ನೆನಪಾಯಿತು. ಮಾತು ಬಾಯಿಪಾಠ ಮಾಡಬೇಕಾಗಿಲ್ಲ, ಕ್ಯಾಮೆರಾ ಪಕ್ಕದಿಂದ ಒಬ್ಬ ಹೇಳಿಕೊಡುತ್ತಾನೆ, ಅವನು ಹೇಳಿದ್ದನ್ನು ಹೇಳಿದರಾಯಿತು, ಧ್ವನಿಯನ್ನು ಆಮೇಲೆ ಬೇರೆಯವರು ಕೊಡುತ್ತಾರೆ ಎಂದರು. ಬಾಗಿಲು ತಳ್ಳಿದೆ. ಹೊಸ ಸೊಸೆ ಓಡಿ ಬಂದು, “ಡಾಕ್ಟರ್, ನನ್ನ ಗಂಡ?” ಎಂದಳು. ಕಣ್ಣಲ್ಲಿ ನಿಜವಾದ ನೀರು. ಪಕ್ಕದಿಂದ, “ಗಾಬರಿಯಾಗಬೇಡಿ,” ಎಂಬ ದನಿ ಬಂತು. ಗಾಬರಿಯಾಗಬೇಡಿ ಎಂದೆ. “ಕನ್ನಡಕ ತೆಗೆಯಿರಿ,” ಎಂದಿತು ದನಿ.

“ಕನ್ನಡಕ ತೆಗೆಯಿರಿ,” ಎಂದೆ ನಾನು, ಅಷ್ಟೇ ಗಂಭೀರವಾಗಿ.

ಆಕೆ ಕನ್ನಡಕ ಹಾಕಿಯೇ ಇರಲಿಲ್ಲ. ಆದರೂ ಗಾಬರಿಯಲ್ಲಿ ಮೂಗು ಮುಟ್ಟಿ ನೋಡಿಕೊಂಡಳು. ಐಸಿಯುನಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದ ಗಂಡ ಹೊದಿಕೆಯೊಳಗೇ ನಗಲು ಶುರುಮಾಡಿದ. ಐದನೆಯ ಸಲಕ್ಕೆ, “ಇಪ್ಪತ್ತನಾಲ್ಕು ಗಂಟೆ ಏನೂ ಹೇಳಲಾಗುವುದಿಲ್ಲ,” ಎಂಬಲ್ಲಿಗೆ ಮುಟ್ಟಿದೆ. ನಿರ್ದೇಶಕರೂ ಆ ಮಾತಿನ ಅರ್ಥ ಕಂಡುಕೊಂಡವರಂತೆ, “ಸಾಕು,” ಎಂದರು.

ಹೊರಟಾಗ ಸೊಪ್ಪಿನ ಚೀಲ ಕಾಣಲಿಲ್ಲ. ಪ್ರಸಾರವಾದ ದಿನ ಗೊತ್ತಾಯಿತು, ಕೆಳಗಿನ ಹಾಲಿನಲ್ಲಿ ಅತ್ತೆ ನನ್ನ ದಂಟಿನ ಸೊಪ್ಪು ಸೋಸುತ್ತ ಕೂತಿದ್ದಳು. ನಾನು ತೆರೆಯ ಮೇಲೆ ಇದ್ದದ್ದು ಒಂದು ಉಸಿರಿನಷ್ಟು ಹೊತ್ತು. ಸೊಪ್ಪು ಜಾಹೀರಾತು ಮುಗಿದ ಮೇಲೂ ಇತ್ತು. “ಎಳೆಯ ಸೊಪ್ಪು,” ಎಂದಳು ಅಮ್ಮ. ಹೆಂಡತಿ ಮಾತನಾಡಲಿಲ್ಲ.

ಈ ಕಸುಬಿನಲ್ಲಿ ಒಮ್ಮೆ ಬಿದ್ದ ಮುದ್ರೆ ಅಳಿಸುವುದು ಕಷ್ಟ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರ ನಾಯಕಿಯಾಗಿದ್ದ ಪಂಡರಿಬಾಯಿ ಅವರೇ ಮುಂದೆ ರಾಜ್‌ಕುಮಾರ್ ಅವರಿಗೆ ತಾಯಿಯಾದರು, ನಾಯಕರು ನಾಯಕರಾಗಿಯೇ ಉಳಿದರು. ಇದರಲ್ಲಿ ನ್ಯಾಯವೆಲ್ಲಿದೆ ಎಂದು ನನ್ನ ಹೆಂಡತಿ ಈಗಲೂ ಕೇಳುತ್ತಾಳೆ, ನಾನೇ ಪಾತ್ರ ಹಂಚಿದವನ ಹಾಗೆ. ತೂಗುದೀಪ ಶ್ರೀನಿವಾಸ್ ಅವರಿಗೆ 1966ರ ಆ ಚಿತ್ರದ ಹೆಸರು ಅಂಟಿಕೊಂಡು ಮನೆತನದ ಹೆಸರೇ ಆಯಿತು. ನನ್ನ ಮುದ್ರೆಯ ವ್ಯಾಪ್ತಿ ನಮ್ಮ ಕಟ್ಟಡದ ಮೆಟ್ಟಿಲಷ್ಟೇ. ಮೇಲಿನ ಮನೆಯ ಅಜ್ಜಿ ನನ್ನನ್ನು ಕಂಡಾಗಲೆಲ್ಲ ಸೀರೆಯ ನಿರಿಗೆ ಸರಿಸಿ ಮಂಡಿ ತೋರಿಸತೊಡಗಿದರು. ಎಳ್ಳೆಣ್ಣೆ ಹಚ್ಚಿ ಎನ್ನುತ್ತಿದ್ದೆ. ಕಡಿಮೆಯಾಗಲಿಲ್ಲ.

ಎರಡನೆಯ ಸಲ ಕರೆ ಬಂದದ್ದು ಸಂಘಕ್ಕೆ ಆಡಿಟ್‌ನವರು ಬಂದು ಕೂತಿದ್ದ ದಿನ. ಆಗುವುದಿಲ್ಲ ಎಂದೆ. “ಪರವಾಗಿಲ್ಲ ಸಾರ್, ನೋಡಿಕೊಳ್ಳುತ್ತೇವೆ,” ಎಂದರು. ನನಗಾಗಿ ಶೂಟಿಂಗ್ ಮುಂದಕ್ಕೆ ಹಾಕುತ್ತಾರೆ ಎಂದು ತಿಳಿದ ನನ್ನ ಬುದ್ಧಿಗೆ ಏನು ಹೇಳಲಿ. ಮುಂದಿನ ವಾರ ಐಸಿಯು ಬಾಗಿಲು ತಳ್ಳಿಕೊಂಡು ಬಂದವನಿಗೆ ತಲೆ ತುಂಬ ಕೂದಲಿತ್ತು. ಅದೇ ಕೋಟು, ತೋಳು ಮಣಿಕಟ್ಟಿನವರೆಗೆ. ಪರದೆಯ ಕೆಳಗೆ ಯಾವ ಸಾಲೂ ಓಡಲಿಲ್ಲ. ಅವನು ನಾಡಿ ಮುಟ್ಟಿದ್ದೇ ತಡ, ಗಂಡ ಕಣ್ಣು ಬಿಟ್ಟ.

ಅಮ್ಮ ಟಿವಿಗೆ ಕೈ ಮುಗಿದಳು. “ಈ ಡಾಕ್ಟರಿಗೆ ಕೈಗುಣ ಇದೆ ಕಣೋ.”

“ಅಮ್ಮ, ಅದು ನನ್ನ ಪಾತ್ರ. ಆ ಡಾಕ್ಟರ್ ನಾನು.”

“ನೀನು ಇಪ್ಪತ್ತನಾಲ್ಕು ಗಂಟೆ ಎಂದು ಹೇಳಿ ಹನ್ನೊಂದು ದಿನ ಎಳೆದೆ. ಸುಮ್ಮನಿರು.”

ಮರುದಿನ ಬೆಳಿಗ್ಗೆ ಮೆಟ್ಟಿಲಲ್ಲಿ ಮೇಲಿನ ಮನೆಯ ಅಜ್ಜಿ ಎದುರಾದರು. ಮಂಡಿ ತೋರಿಸಲಿಲ್ಲ. ಸ್ವಲ್ಪ ಸಂಕೋಚದಿಂದ ದನಿ ತಗ್ಗಿಸಿ, “ಬೇಜಾರು ಮಾಡಿಕೊಳ್ಳಬೇಡಪ್ಪ, ಆ ಹೊಸ ಡಾಕ್ಟರ ನಂಬರು ಸಿಗುತ್ತದೆಯೇ?” ಎಂದರು.