ಜಪಾನಿನ ಮನೆಯಲ್ಲಿ ಇದ್ದು ಓದುವುದು

ಜಪಾನಿನಲ್ಲಿ ಹೋಸ್ಟ್ ಕುಟುಂಬದ ಜೊತೆ, ಅಂದರೆ ಅಲ್ಲಿಯವರ ಮನೆಯಲ್ಲೇ, ಇದ್ದರೆ ಓದುವ ಮಕ್ಕಳಿಗೆ ಸ್ವಾತಂತ್ರ್ಯವೇ ಇರುವುದಿಲ್ಲ ಎಂದು ನೀವು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಕ್ಯೋಟೋದಲ್ಲಿ ಅಂಥ ಮನೆಯಲ್ಲೇ ಇದ್ದು ಓದಿದವಳು ನಾನು. ಊಟಕ್ಕೆ ತಡವಾದರೆ ಮೊದಲೇ ಫೋನ್ ಮಾಡಿ ಹೇಳಬೇಕು, ನಿಜ. ಅದು ನಮ್ಮ ಮನೆಗಳಲ್ಲೂ ಇದ್ದದ್ದೇ ಅಲ್ವಾ?

ಸ್ನಾನದ ವಿಷಯ ನೀವು ಬರೆದೇ ಇಲ್ಲ. ಅಲ್ಲಿ ತೊಟ್ಟಿಯ ಬಿಸಿನೀರು ಇಡೀ ಮನೆಗೆ ಒಂದೇ. ತೊಟ್ಟಿಯ ಹೊರಗೆ ಕೂತು ಸೋಪು ಹಚ್ಚಿ ಪೂರ್ತಿ ಮೈ ತೊಳೆದುಕೊಂಡ ಮೇಲೆ ತೊಟ್ಟಿಗೆ ಇಳಿದು ಸುಮ್ನೆ ಕೂರಬೇಕು, ಎದ್ದ ಮೇಲೆ ತೊಟ್ಟಿಯ ನೀರು ಹೊರಗೆ ಬಿಡಬಾರದು, ಬಿಸಿ ಆರದ ಹಾಗೆ ಮುಚ್ಚಳ ಮುಚ್ಚಿ ಬರಬೇಕು, ಯಾಕಂದ್ರೆ ನಿಮ್ಮ ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಆ ಮನೆಯ ಅಮ್ಮ ಮೊದಲ ಸರದಿ ನನಗೇ ಕೊಡುತ್ತಿದ್ದರು.

ಸಸ್ಯಾಹಾರಿಗಳು ಒಂದು ಮಾತು ಕೇಳಿ. ಮಿಸೋ, ಅಂದರೆ ಹುದುಗಿಸಿದ ಸೋಯಾ ಪೇಸ್ಟ್, ಹಾಕಿದ ಸೂಪಿನಲ್ಲಿ ತೋಫು (ಸೋಯಾ ಪನೀರ್), ತರಕಾರಿ ಅಷ್ಟೇ ಕಂಡರೂ ಅದರ ದಾಶಿ, ಅಂದರೆ ತಿಳಿಸಾರು, ಸಾಮಾನ್ಯವಾಗಿ ಒಣಮೀನಿನದು. ಮಾಂಸ ತಿನ್ನಲ್ಲ ಅಂದರೆ ಸಾಲದು. ಮೀನಿನ ದಾಶಿಯೂ ಬೇಡ ಎಂದು ಹೋಗುವ ಮೊದಲೇ ಬರೆದು ತಿಳಿಸಿ. ಕೊಂಬು ಎನ್ನುವ ಒಣಗಿಸಿದ ಕಡಲಪಾಚಿಯಿಂದಲೂ ದಾಶಿ ಆಗುತ್ತದೆ. ಆ ಮನೆಯ ಅಮ್ಮ ನನಗೋಸ್ಕರ ರಾತ್ರಿಯೇ ಅದನ್ನು ನೀರಿನಲ್ಲಿ ನೆನೆಹಾಕಿ ಮಲಗುತ್ತಿದ್ದರು. ಬಾಡಿಗೆ ರೂಮಿನಲ್ಲಿ ಇದನ್ನೆಲ್ಲ ಯಾರು ಮಾಡುತ್ತಾರೆ ಹೇಳಿ?