ಅಮ್ಮನ ಭಾಷೆಗೆ ವಾಪಸ್ ಬಂದ ಕಾತೆಬ್ ಯಾಸಿನ್

ಆಲ್ಜೀರಿಯಾದ ಕಾದಂಬರಿಕಾರ ಕಾತೆಬ್ ಯಾಸಿನ್ ಹೆಸರು ಬಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು. ಫ್ರೆಂಚ್ ಭಾಷೆ ನಮಗೆ ಯುದ್ಧದಲ್ಲಿ ಸಿಕ್ಕ ಕೊಳ್ಳೆ ಅಂದವರು ಅವರು ಅಂತ. ಅಂದದ್ದು ನಿಜ. ಆದರೆ ಆ ಕೊಳ್ಳೆಯನ್ನು ಅವರು ಕೊನೆಗೆ ಏನು ಮಾಡಿದರು ಅಂತ ಕೇಳುವವರು ಕಡಿಮೆ. ನನಗೆ ಅದೇ ಮುಖ್ಯ ಅನ್ನಿಸುತ್ತದೆ.

ಹುಟ್ಟಿದ್ದು 1929ರಲ್ಲಿ, ಆಲ್ಜೀರಿಯಾ ಫ್ರಾನ್ಸಿನ ಆಳ್ವಿಕೆಯಲ್ಲಿದ್ದಾಗ. ಮೊದಲು ಕುರಾನ್ ಶಾಲೆ. ಆಮೇಲೆ ಅಪ್ಪ ಫ್ರೆಂಚ್ ಶಾಲೆಗೆ ಹಾಕಿದರು. ಆಳುವವರ ಭಾಷೆ ಬಂದರೆ ಮಗ ಮುಂದೆ ಬರುತ್ತಾನೆ ಅನ್ನುವ ಲೆಕ್ಕ. ಹುಡುಗ ಆ ಪುಸ್ತಕಗಳಲ್ಲೇ ಮುಳುಗಿಹೋದ. ಅಮ್ಮನಿಗೆ ಫ್ರೆಂಚ್ ಬರುತ್ತಿರಲಿಲ್ಲ. ಕೊನೆಗೊಂದು ದಿನ, ನನಗೂ ಆ ಭಾಷೆ ಕಲಿಸಪ್ಪಾ ಅಂದರಂತೆ. ಇದನ್ನು ಯಾಸಿನ್ ಅವರೇ ಬರೆದಿದ್ದಾರೆ. ಹೆತ್ತ ಮಗನ ಹತ್ತಿರ ಇರೋಕೆ ತಾಯಿ ಬೇರೆಯವರ ಭಾಷೆ ಕಲಿಯಬೇಕು! ನೆನೆಸಿಕೊಂಡಾಗೆಲ್ಲ ಗಂಟಲು ಕಟ್ಟುತ್ತದೆ.

1945ರ ಮೇ 8. ಯುರೋಪಿನಲ್ಲಿ ಯುದ್ಧ ಮುಗಿದ ಸಂಭ್ರಮ. ಸೆತಿಫ್ ಪಟ್ಟಣದಲ್ಲಿ ಆಲ್ಜೀರಿಯದ ಜನ ಸ್ವಾತಂತ್ರ್ಯ ಬೇಕು ಅಂತ ಬಾವುಟ ಹಿಡಿದು ಹೊರಟರು. ಪೊಲೀಸರು ಗುಂಡು ಹಾರಿಸಿದರು. ಗಲಭೆ ಹಳ್ಳಿಗಳಿಗೆ ಹಬ್ಬಿತು. ಫ್ರೆಂಚ್ ಸೇನೆ ಸಾವಿರಾರು ಜನರನ್ನು ಕೊಂದುಹಾಕಿತು. ಆ ಮೆರವಣಿಗೆಯಲ್ಲಿದ್ದ ಯಾಸಿನ್‌ಗೆ ಆಗ 15 ವರ್ಷ. ಜೈಲಿಗೆ ಹಾಕಿದರು. ಶಾಲೆಯೂ ಹೋಯಿತು. ಮಗ ಸತ್ತೇಹೋದ ಅಂದುಕೊಂಡ ಅಮ್ಮನ ಬುದ್ಧಿ ಕದಡಿತು.

1956ರಲ್ಲಿ, ಸ್ವಾತಂತ್ರ್ಯದ ಯುದ್ಧ ನಡೆಯುತ್ತಿದ್ದಾಗಲೇ, ಪ್ಯಾರಿಸ್‌ನಲ್ಲಿ 'ನೆಜ್ಮಾ' ಕಾದಂಬರಿ ಬಂತು. ನಾಲ್ವರು ಯುವಕರು, ಒಬ್ಬಳು ಹೆಣ್ಣು, ಹಿಂದೆ ಮುಂದೆ ಸುತ್ತುವ ಕಾಲ. ಸುಲಭದ ಓದಲ್ಲ. ಒಂದೇ ಕಾದಂಬರಿಗೆ ದೊಡ್ಡ ಹೆಸರು ಬಂತು. ಹಾಗೇ ಫ್ರೆಂಚ್‌ನಲ್ಲಿ ಬರೆಯುತ್ತಾ ಆರಾಮಾಗಿ ಇರಬಹುದಿತ್ತು, ಅಲ್ವಾ?

ಇರಲಿಲ್ಲ. 1970ರ ದಶಕದ ಶುರುವಿನಲ್ಲಿ ಊರಿಗೆ ವಾಪಸ್ ಬಂದು, ಆಲ್ಜೀರಿಯದ ಬೀದಿಯಲ್ಲಿ ಜನ ಮಾತಾಡುವ ಅರಬ್ಬಿಯಲ್ಲಿ ನಾಟಕ ಕಟ್ಟಿದರು. ಕೂಲಿಗಾಗಿ ಫ್ರಾನ್ಸಿಗೆ ಹೋಗುವವರ ಬಗ್ಗೆ 'ಮೊಹಮದ್, ನಿನ್ನ ಪೆಟ್ಟಿಗೆ ಎತ್ತಿಕೋ' ಅಂತ ಒಂದು ನಾಟಕ. ತಂಡ ಕಾರ್ಖಾನೆಗಳಿಗೆ, ಹಳ್ಳಿಗಳಿಗೆ ಹೋಗಿ ಆಡಿತು. ಅದನ್ನು ನೋಡೋಕೆ ಯಾವ ಅಮ್ಮನೂ ಫ್ರೆಂಚ್ ಕಲಿಯಬೇಕಿರಲಿಲ್ಲ.

ಸ್ವತಂತ್ರ ದೇಶದ ಸರ್ಕಾರಕ್ಕೂ ಇದು ಹಿಡಿಸಲಿಲ್ಲ. ಅದಕ್ಕೆ ಬೇಕಿದ್ದದ್ದು ಪುಸ್ತಕದ ಅರಬ್ಬಿ. ಯಾಸಿನ್ ಆಡುಮಾತಿನ ಪರ ನಿಂತರು. ಅರಬ್ಬರು ಬರುವ ಮೊದಲಿಂದಲೂ ಅಲ್ಲಿದ್ದ ಬರ್ಬರ್ ಜನರ ಭಾಷೆಯ ಪರ, ಹೆಂಗಸರ ಸಮಾನತೆಯ ಪರವೂ ನಿಂತರು. ಮಗನಿಗೆ ಅಮಾಜಿಗ್ ಅಂತಲೇ ಹೆಸರಿಟ್ಟರು. ಬರ್ಬರರು ತಮ್ಮನ್ನು ಕರೆದುಕೊಳ್ಳುವ ಹೆಸರು ಅದು. 1978ರಲ್ಲಿ ಅವರನ್ನು ರಾಜಧಾನಿಯಿಂದ ದೂರದ ಸಿದಿ ಬೆಲ್ ಅಬ್ಬೆಸ್‌ನ ರಂಗಮಂದಿರಕ್ಕೆ ಕಳಿಸಿದರು. ಅಲ್ಲೂ ಕೆಲಸ ನಿಲ್ಲಿಸಲಿಲ್ಲ. 1989ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಒಳ್ಳೆಯ ಕಾದಂಬರಿಕಾರ ನಾಟಕಕ್ಕೆ ಹೋಗಿ ಕಳೆದುಹೋದ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ನನ್ನ ಪ್ರಕಾರ 'ನೆಜ್ಮಾ' ಬರೆದದ್ದಕ್ಕಿಂತ ಜಾಸ್ತಿ ಧೈರ್ಯದ ಕೆಲಸ ಅದು. ಅವರನ್ನು ಕನ್ನಡಕ್ಕೆ ತರುವ ಮನಸ್ಸು ಯಾರಿಗಾದರೂ ಇದ್ದರೆ, ದಯವಿಟ್ಟು ನಾಟಕದಿಂದಲೇ ಶುರು ಮಾಡಿ. ಅದೂ ನಿಮ್ಮ ಊರಿನ ಆಡುಮಾತಿನಲ್ಲಿ.