ಕಾಲ್ಪನಿಕ ಮಾಜಿ ದಂಪತಿಗಳ ಹಿತರಕ್ಷಣೆಗಾಗಿ

ಲೇರಿನ್ ಮತ್ತು ಲೊಕ್ವೇಷಿಯಸ್ ಬೇರೆಯಾದದ್ದು ಸರಿಯೋ ತಪ್ಪೋ ಎಂಬ ವ್ಯಾಜ್ಯ 2022ರಿಂದ ಇತ್ಯರ್ಥವಾಗದೆ ಉಳಿದಿದೆ. ಇಬ್ಬರೂ ವಿದ್ಯಾವಂತರು, ಒಳ್ಳೆಯ ಹುದ್ದೆಯಲ್ಲಿದ್ದವರು. ಆಕೆ ಅವಲಿರ್ ನಗರದ ಮಂತ್ರವಿದ್ಯಾ ವಾಸ್ತುಶಿಲ್ಪಿ, ಆತ ಅದೇ ನಗರದ ಅಧಿಕೃತ ವಾರ್ತಾಘೋಷಕ. ನಗರ ಆಕಾಶದಲ್ಲಿ ತೇಲುತ್ತಿತ್ತು ಎಂಬುದೊಂದನ್ನು ಬಿಟ್ಟರೆ ನೌಕರಿಯಲ್ಲಿರುವ ಗಂಡಹೆಂಡಿರ ಸಂಸಾರ ಹೇಗಿರುತ್ತದೋ ಹಾಗೆಯೇ. ತೊಡಕು ಒಂದೇ. ಇವರಿಬ್ಬರೂ ಇಲ್ಲ, ಎಂದೂ ಇರಲಿಲ್ಲ. ಇವರ ಮದುವೆಯನ್ನು ಕಂಡವರಿಲ್ಲ, ಏಕೆಂದರೆ ಅದು ಕಥೆಯಲ್ಲೂ ನಮ್ಮ ಕಣ್ಣೆದುರು ನಡೆಯಲಿಲ್ಲ. ಇಬ್ಬರು ಕಲಾವಿದರು ‘ಇವರು ಒಂದು ಕಾಲಕ್ಕೆ ಗಂಡಹೆಂಡಿರು’ ಎಂದಿಟ್ಟುಕೊಂಡು ಆಟದ ಮೇಜಿನ ಮುಂದೆ ಕುಳಿತರು. ಮದುವೆಯ ದಾಖಲೆ ಅದೇ, ವಿಚ್ಛೇದನದ ತೀರ್ಪೂ ಅದೇ. ಆದರೆ ಆ ಮದುವೆ ಮುರಿದದ್ದೇಕೆ ಎಂದು ಪ್ರಮಾಣ ಮಾಡಿ ಹೇಳಬಲ್ಲ ಸಾಕ್ಷಿಗಳಿಗೆ ಮಾತ್ರ ಲೆಕ್ಕವಿಲ್ಲ.

ವಿಷಯ ತಿಳಿಯದವರಿಗೆ ಒಂದಿಷ್ಟು ಹಿನ್ನೆಲೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಅದರೊಳಗಿನ ಪಾತ್ರಗಳಾಗಿ ಮಾತನಾಡುತ್ತಾರೆ, ಅನುಮಾನ ಬಂದಲ್ಲೆಲ್ಲ ಇಪ್ಪತ್ತು ಮುಖದ ದಾಳ ತೀರ್ಮಾನ ಕೊಡುತ್ತದೆ. ನಾಲ್ಕು ದಶಕ ಕಾಲ ಜನ ಇದನ್ನು ತಮ್ಮ ಪಾಡಿಗೆ ತಾವು ಆಡಿಕೊಂಡಿದ್ದರು. 2015ರಲ್ಲಿ ಕೆಲವು ಕಂಠದಾನ ಕಲಾವಿದರು ತಮ್ಮ ಮನೆಯಾಟವನ್ನು ಕ್ಯಾಮೆರಾ ಮುಂದೆ ತಂದು ‘ಕ್ರಿಟಿಕಲ್ ರೋಲ್’ ಎಂದು ಹೆಸರಿಟ್ಟರು. ಒಂದೊಂದು ಕಂತೂ ಮೂರು ನಾಲ್ಕು ಗಂಟೆ. ಮೊದಲ ಅಭಿಯಾನಕ್ಕೆ, ಅಂದರೆ ಮೊದಲ ದೀರ್ಘಕಥೆಗೆ, 115 ಕಂತು, ಎರಡನೆಯದಕ್ಕೆ 141. 2019ರಲ್ಲಿ ಈ ಕಥೆಯನ್ನು ಅನಿಮೇಷನ್ ಮಾಡುತ್ತೇವೆ, ಏಳೂವರೆ ಲಕ್ಷ ಡಾಲರ್ ಕೊಡಿ ಎಂದು ಕೇಳಿದ್ದಕ್ಕೆ ಅಭಿಮಾನಿಗಳು 1.1 ಕೋಟಿ ಡಾಲರಿಗೂ ಹೆಚ್ಚು ಸುರಿದರು. ಇಷ್ಟು ಕಾಲ, ಇಷ್ಟು ಹಣ ಹಾಕಿದವರಿಗೆ ಪಾತ್ರಗಳ ಸಂಸಾರದಲ್ಲಿ ಮೂಗು ತೂರಿಸುವ ಹಕ್ಕೂ ಇಲ್ಲವೆಂದರೆ ಹೇಗೆ?

ನಮ್ಮ ಮಾಜಿ ದಂಪತಿ ಬರುವುದು ಅದೇ ತಂಡದ ‘ಎಕ್ಸಾಂಡ್ರಿಯಾ ಅನ್‌ಲಿಮಿಟೆಡ್: ಕ್ಯಾಲಮಿಟಿ’ಯಲ್ಲಿ. ಕಥೆ ನಡೆಸಿದವರು ಬ್ರೆನನ್ ಲೀ ಮಲ್ಲಿಗನ್. ಲೇರಿನ್ ಆಗಿ ಆಬ್ರಿಯಾ ಅಯ್ಯಂಗಾರ್, ಲೊಕ್ವೇಷಿಯಸ್ ಆಗಿ ಸ್ಯಾಮ್ ರೀಗಲ್. ಒಟ್ಟು ನಾಲ್ಕೇ ಕಂತು. ಮುಖ್ಯ ಕಥೆಗಿಂತ ಬಹಳ ಹಿಂದಿನ ಕಾಲ. ದೇವತೆಗಳ ಯುದ್ಧವಾಗಿ ಜಗತ್ತು ಛಿದ್ರವಾಗುತ್ತದೆಂದು ಎಕ್ಸಾಂಡ್ರಿಯಾ ಎಂಬ ಆ ಕಲ್ಪಿತ ಲೋಕದ ಇತಿಹಾಸದಲ್ಲಿ ಮೊದಲೇ ಬರೆದಿಟ್ಟಾಗಿತ್ತು. ಕಾರ್ಯಕ್ರಮದ ಹೆಸರಿನಲ್ಲೇ ಮಹಾದುರಂತವಿದೆ. ಇಷ್ಟೆಲ್ಲ ಗೊತ್ತಿದ್ದೂ ಪ್ರೇಕ್ಷಕ ಮಹಾಶಯನ ಎದೆಯಲ್ಲಿ ಕುಟುಕುತ್ತಿದ್ದ ಪ್ರಶ್ನೆ ಯಾವುದು? ನಗರ ಬೀಳುವುದು ಬೀಳಲಿ, ಅಷ್ಟರೊಳಗೆ ಇವರಿಬ್ಬರಿಗೆ ರಾಜಿಯಾಗುತ್ತದೆಯೇ? ಲೋಕ ಮುಳುಗುವ ಹೊತ್ತಿನಲ್ಲಿ ಸಂಧಾನಕಾರರಿಗೆ ಇಷ್ಟು ಬೇಡಿಕೆ ಬಂದದ್ದು ಇದೇ ಮೊದಲಿರಬೇಕು.

ಅಭಿಮಾನಿಗಳ ಪತ್ತೇದಾರಿಕೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಆಕೆಯ ಪೂರ್ಣ ಹೆಸರು ಲೇರಿನ್ ಕೊರಮಾರ್-ಸೀಲಿ. ಸೀಲಿ ಆತನ ಮನೆತನದ ಹೆಸರು. ಬೇರೆಯಾದ ಮೇಲೂ ಆಕೆ ಅದನ್ನು ಬಿಟ್ಟಿಲ್ಲ! ಒಂದು ಅಡ್ಡಗೆರೆಯ ಮೇಲೆ ಇಷ್ಟು ಭಾರ ಬಿದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಪ್ರೇಮಪಕ್ಷದವರ ವಾದ ಸರಳ: ಹೆಸರು ಉಳಿದಿದೆ ಎಂದರೆ ಮನಸ್ಸೂ ಅಲ್ಲೇ ಉಳಿದಿದೆ. ವ್ಯವಹಾರಪಕ್ಷದವರು ಹಾಗಲ್ಲವೆನ್ನುತ್ತಾರೆ. ತೇಲುವ ನಗರದ ನಕ್ಷೆ, ಕಡತ, ಸಂಶೋಧನಾ ಪತ್ರಗಳಲ್ಲೆಲ್ಲ ಆ ಹೆಸರೇ ಇರುವಾಗ ಗಂಡ ಹೋದನೆಂದು ಇಡೀ ವಿದ್ಯಾಸಾಧನೆಯ ಹೆಸರನ್ನು ತಿದ್ದುತ್ತಾ ಕೂರಲಾಗುತ್ತದೆಯೇ? ನನಗೇನೋ ಈ ಎರಡನೆಯ ವಾದವೇ ಹೆಚ್ಚು ಗಟ್ಟಿಯೆನಿಸುತ್ತದೆ, ಆದರೆ ನಾನು ನಿಷ್ಪಕ್ಷಪಾತಿ. ಮೂರನೆಯವನೊಬ್ಬ ಇರುತ್ತಾನೆ, ಎಲ್ಲ ಕಡೆಯೂ ಇರುತ್ತಾನೆ. ಕೇಳಲು ಚೆನ್ನಾಗಿದೆಯೆಂದು ಪಾತ್ರಧಾರಿ ಆ ಹೆಸರು ಇಟ್ಟುಕೊಂಡಿರಬಹುದು ಎನ್ನುತ್ತಾನೆ. ಆ ಕ್ಷಣಕ್ಕೆ ಎರಡೂ ಪಕ್ಷಗಳು ಒಂದಾಗಿ ಅವನ ಮೇಲೆ ಮುಗಿಬೀಳುತ್ತವೆ.

ಹೆಸರಾಯಿತು, ಇನ್ನು ಮೌನ. ಮಾಜಿ ಗಂಡ ಏನೋ ಹೇಳುತ್ತಾನೆ, ಮಾಜಿ ಹೆಂಡತಿ ಉತ್ತರಿಸದೆ ಕಣ್ಣು ಕೆಳಗೆ ಹಾಕುತ್ತಾಳೆ. ಅಭಿಮಾನಿ ಅಲ್ಲಿಗೆ ವಿಡಿಯೊ ನಿಲ್ಲಿಸುತ್ತಾನೆ. ಹಿಂದಕ್ಕೆ ಎಳೆಯುತ್ತಾನೆ, ಮತ್ತೆ ನೋಡುತ್ತಾನೆ. ಆ ಮೌನದಲ್ಲಿ ಅವನಿಗೆ ವರ್ಷಗಳ ದಾಂಪತ್ಯ ಕಾಣುತ್ತದೆ: ರಾತ್ರಿಯೆಲ್ಲ ಪ್ರಯೋಗಶಾಲೆಯಲ್ಲಿ ಕಳೆದ ಹೆಂಡತಿ, ದೀಪ ಆರಿಸದೆ ಕಾದ ಗಂಡ, ಆಡದೆ ಉಳಿದ ಮಾತು. ಪಾತ್ರಧಾರಿಯ ಕಣ್ಣು ಬಿದ್ದಿರುವ ಜಾಗದಲ್ಲಿ ಇರುವುದು ಪಾತ್ರದ ವಿವರ ಬರೆದ ಹಾಳೆ. ಐದನೆಯ ಹಂತದ ಮಂತ್ರ ಇನ್ನೆಷ್ಟು ಉಳಿದಿದೆ ಎಂದು ಆಕೆ ಎಣಿಸುತ್ತಿರಬಹುದು. ನೀರು ಕುಡಿಯಬೇಕೆಂದು ಲೋಟ ಹುಡುಕುತ್ತಿರಬಹುದು. ಇದನ್ನು ಅಭಿಮಾನಿಗೆ ಹೇಳಿ ನೋಡಿ. ಮದುವೆಯೆಂದರೆ ಏನೆಂದು ನಿಮಗೆ ಗೊತ್ತಿಲ್ಲ ಎಂಬ ಉತ್ತರ ಬರುತ್ತದೆ. ಹೇಳಿದವನಿಗೆ ಮದುವೆಯಾಗಿರಬೇಕೆಂದೇನೂ ಇಲ್ಲ.

ಇನ್ನೂ ದೊಡ್ಡ ವಿಚಿತ್ರ ಬೇರೆಯಿದೆ. ಕ್ರಿಟಿಕಲ್ ರೋಲ್ ಮೂಲ ತಂಡದಲ್ಲಿ ನಿಜವಾದ ದಂಪತಿಗಳೇ ಇದ್ದಾರೆ. ಮ್ಯಾಥ್ಯೂ ಮರ್ಸರ್ ಮತ್ತು ಮರಿಶಾ ರೇ ಗಂಡಹೆಂಡತಿ, ಟ್ರಾವಿಸ್ ವಿಲ್ಲಿಂಗ್‌ಹ್ಯಾಮ್ ಮತ್ತು ಲಾರಾ ಬೈಲಿ ಕೂಡ. ವರ್ಷಗಟ್ಟಲೆ ಒಂದೇ ಮೇಜಿಗೆ ಕುಳಿತು, ಪ್ರತಿ ವಾರ ಗಂಟೆಗಟ್ಟಲೆ ಕಾದಾಡುವ ಆಟವಾಡಿ, ಒಟ್ಟಿಗೇ ಮನೆಗೆ ಹೋಗುತ್ತಾರೆ. ಸಂಸಾರದಲ್ಲಿ ಇದಕ್ಕಿಂತ ದೊಡ್ಡ ಸಾಹಸ ಯಾವುದಿದೆ? ಅದರಲ್ಲೂ ಗಂಡನೇ ಕಥೆ ನಡೆಸುತ್ತಾ ಹೆಂಡತಿಯ ಪಾತ್ರದ ಮೇಲೆ ರಾಕ್ಷಸರನ್ನು ಛೂ ಬಿಡುತ್ತಿದ್ದರೆ! ಸರಿಯಾಗಿ ನಡೆಯುತ್ತಿರುವ ಸಂಸಾರ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ನಿದ್ದೆ ಕೆಡಬೇಕಾದರೆ ವಿಚ್ಛೇದನವಾಗಬೇಕು, ಅದೂ ಇಲ್ಲದವರದು.

ಈ ಉತ್ಸಾಹ ಪಾತ್ರದ ಗಡಿ ದಾಟಿ ಪಾತ್ರಧಾರಿಯ ಕಡೆ ಹೊರಳಿದರೆ ಮಾತ್ರ ನಗಲು ಏನೂ ಉಳಿಯುವುದಿಲ್ಲ. ಮೊದಲ ಅಭಿಯಾನದಲ್ಲಿ ಕೀಲೆತ್ ಎಂಬ ಪಾತ್ರ ಮಾಡಿದ ಮರಿಶಾ ರೇ ಆ ಪಾತ್ರ ತೆಗೆದುಕೊಂಡ ತೀರ್ಮಾನಗಳಿಗಾಗಿ ಸ್ವತಃ ಬೈಗುಳ ತಿಂದವರು. ಇಲ್ಲದವಳ ತಪ್ಪಿಗೆ ಇರುವವಳಿಗೆ ಶಿಕ್ಷೆ ಕೊಡುವ ನ್ಯಾಯ ಯಾವ ಲೋಕದ್ದೋ, ಎಕ್ಸಾಂಡ್ರಿಯಾದಲ್ಲೂ ಅಂಥದ್ದಿಲ್ಲ.

ಇರಲಿ, ದಾಳಕ್ಕೆ ಬರೋಣ. ದಾಳ ಉರುಳಿಸಿ ಹೆಂಡತಿಯನ್ನು ಸೋತ ರಾಜನ ಕಥೆಯನ್ನು ನಾವು ಹುಟ್ಟಿದಾಗಿನಿಂದ ಕೇಳಿದ್ದೇವೆ. ದಾಳ ಉರುಳಿಸಿ ಮಾಜಿ ಹೆಂಡತಿಯನ್ನು ಗೆಲ್ಲುವ ಅವಕಾಶ ತೆರೆದುಕೊಟ್ಟದ್ದು ಈ ಆಟ. ಆತ ಕ್ಷಮೆ ಕೇಳುತ್ತಾನೆ ಎಂದುಕೊಳ್ಳಿ. ಅದು ಮನಃಪೂರ್ವಕವೋ ನಾಟಕವೋ ತಿಳಿಯಲು ಆಕೆ ಮುಖ ನೋಡಬೇಕಾಗಿಲ್ಲ, ಹಳೆಯದನ್ನು ನೆನೆಯಬೇಕಾಗಿಲ್ಲ. ಒಳನೋಟದ ದಾಳ ಹಾಕಿದರಾಯಿತು. ಹದಿನೆಂಟು ಬಿದ್ದರೆ ಅವನ ಹೃದಯ ತೆರೆದ ಪುಸ್ತಕ. ಮೂರು ಬಿದ್ದರೆ ಎಷ್ಟು ವರ್ಷ ಸಂಸಾರ ಮಾಡಿದ್ದರೂ ಅವನು ಅಪರಿಚಿತ. ಇಪ್ಪತ್ತು ಬೀಳುವ ಸಂಭವ ನೂರಕ್ಕೆ ಐದು, ಒಂದು ಬೀಳುವ ಸಂಭವವೂ ಅಷ್ಟೇ. ಪ್ಲಾಸ್ಟಿಕ್ ಚೂರು ಯಾವ ಮಗ್ಗುಲಿಗೆ ನಿಂತಿತೆಂಬುದನ್ನೇ ಅಭಿಮಾನಿಗಳು ವಿಧಿಲಿಖಿತವೆಂದು ಕಣ್ಣಿಗೊತ್ತಿಕೊಳ್ಳುತ್ತಾರೆ. ತಮಗೆ ಬೇಡದ ಅಂಕಿ ಬಿದ್ದರೆ ಅದೇ ದಾಳ ಆ ಕೂಡಲೇ ನಿರ್ಜೀವ ವಸ್ತುವಾಗುತ್ತದೆ. ಅದಕ್ಕೇನು ಗೊತ್ತು ಪ್ರೀತಿಯ ವಿಷಯ!

ಆಟದ ನಿಯಮಾವಳಿ ಈ ಬಗ್ಗೆ ಏನು ಹೇಳುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನು ಕೇಳುತ್ತೇನೆ. 2017ರಲ್ಲಿ ಬಂದ ‘ಝನಾಥರ್ಸ್ ಗೈಡ್ ಟು ಎವೆರಿಥಿಂಗ್’ ಎಂಬ ನಿಯಮಪುಸ್ತಕದಲ್ಲಿ ‘ಸೆರೆಮನಿ’ ಎಂಬ ಮೊದಲ ಹಂತದ ಮಂತ್ರವಿದೆ. ಅದರಲ್ಲಿ ವಿವಾಹಕ್ಕೂ ಒಂದು ವಿಧಿಯುಂಟು. 25 ಚಿನ್ನದ ನಾಣ್ಯ ಬೆಲೆಯ ಬೆಳ್ಳಿಪುಡಿ ಖರ್ಚು ಮಾಡಿ, ಒಂದು ಗಂಟೆ ವಿಧಿ ನಡೆಸಿ, ಒಪ್ಪಿದ ವಯಸ್ಕರನ್ನು ಮುಟ್ಟಿದರೆ ಮದುವೆಯಾದಂತೆ. ಫಲ ಏನೆಂದರೆ, ವಧೂವರರು ಪರಸ್ಪರ ಮೂವತ್ತು ಅಡಿಯೊಳಗೆ ಇರುವ ತನಕ ಇಬ್ಬರ ರಕ್ಷಣಾಬಲಕ್ಕೂ ಎರಡು ಅಂಕ ಸೇರುತ್ತದೆ. ಎಷ್ಟು ದಿನ? ಏಳು. ದಾಂಪತ್ಯದ ಕವಚಕ್ಕೆ ಒಂದು ವಾರದ ವಾಯಿದೆ ಎಂದು ಬರೆದಿಟ್ಟ ಆ ಅನಾಮಿಕ ನಿಯಮಕಾರನ ಲೋಕಾನುಭವಕ್ಕೆ ನಮಸ್ಕಾರ. ಮೂವತ್ತು ಅಡಿಯ ಷರತ್ತೂ ಸಾಮಾನ್ಯದ್ದಲ್ಲ: ಒಂದೇ ಕೋಣೆಯಲ್ಲಿ ಇರಲೇಬೇಕೆಂಬ ಬಲವಂತವಿಲ್ಲ, ಪಕ್ಕದ ಕೋಣೆಯಲ್ಲಿ ಮುನಿಸಿಕೊಂಡು ಕುಳಿತರೂ ಕವಚ ಕೆಲಸ ಮಾಡುತ್ತದೆ.

ಆದರೆ ಕೊನೆಯ ಸಾಲು ನೋಡಿ. ಈ ವಿಧಿಯ ಫಲ ಎರಡನೆಯ ಸಲ ದಕ್ಕಬೇಕಾದರೆ ಸಂಗಾತಿ ಸತ್ತಿರಬೇಕು. ವಿಚ್ಛೇದನದ ಸೊಲ್ಲೇ ಇಲ್ಲ. ಅಂದರೆ ಸತ್ತವನನ್ನು ಎಬ್ಬಿಸುವ, ಕಾಲವನ್ನೇ ತಡೆದು ನಿಲ್ಲಿಸುವ, ಬೆಟ್ಟದಂಥ ಡ್ರ್ಯಾಗನ್ನನ್ನು ಕೆಡವುವ ಸಕಲ ವಿದ್ಯೆಗೂ ನಿಯಮ ಬರೆದ ಶಾಸ್ತ್ರಕ್ಕೆ ಬೇರೆಯಾದ ಗಂಡಹೆಂಡಿರು ಎಂಬ ಜಾತಿಯೇ ಗೊತ್ತಿಲ್ಲ. ಲೇರಿನ್ ಮತ್ತು ಲೊಕ್ವೇಷಿಯಸ್ ಮೊದಲ ಮದುವೆಯಲ್ಲಿ ಈ ಮಂತ್ರವನ್ನು ಬಳಸಿದ್ದರೆ, ಮರುಮದುವೆಯಲ್ಲಿ ಅವರಿಗೆ ಅರ್ಧ ಅಂಕವೂ ಸಿಗದು. ಮರುಮದುವೆಗಾಗಿ ಹಂಬಲಿಸುವ ಅಭಿಮಾನಿಗಳು ಮೊದಲು ಹೋರಾಡಬೇಕಾದದ್ದು ಇದರ ತಿದ್ದುಪಡಿಗೆ. ಹೋರಾಡುವುದಿಲ್ಲ. ನಿಯಮ ಓದುವವರು ಪ್ರೀತಿಸುವುದಿಲ್ಲ, ಪ್ರೀತಿಸುವವರು ನಿಯಮ ಓದುವುದಿಲ್ಲ.

ಅಭಿಮಾನಿಗಳಿಗೆ ಮಾಜಿ ಗಂಡಂದಿರ ಮೇಲೆ ಇರುವ ಮಮಕಾರ ಹೊಸದೇನಲ್ಲ ಎಂಬುದಕ್ಕೆ ‘ಡೈಮೆನ್ಷನ್ 20’ರ ಗಿಲಿಯರ್ ಇದ್ದಾನೆ. 2018ರಲ್ಲಿ ಶುರುವಾದ, ಇದೇ ಆಟವನ್ನು ಕ್ಯಾಮೆರಾ ಮುಂದೆ ಆಡುವ ಆ ಕಾರ್ಯಕ್ರಮದ ‘ಫ್ಯಾಂಟಸಿ ಹೈ’ ಕಥೆಯಲ್ಲಿ ಸಾಂಡ್ರಾ ಲಿನ್ ಎಂಬಾಕೆಯ ಮಾಜಿ ಗಂಡ ಇವನು. ಮಗಳು ಫಿಗ್ ಹದಿಹರೆಯಕ್ಕೆ ಬಂದಾಗ ಅವಳಿಗೆ ಕೊಂಬು ಬಂತು. ಆ ವಯಸ್ಸಿನ ಎಲ್ಲ ಮಕ್ಕಳಿಗೂ ಬರುತ್ತದೆ, ಆದರೆ ಇವಳಿಗೆ ನಿಜವಾಗಿಯೇ ಬಂತು. ಹುಟ್ಟಿಸಿದ ತಂದೆ ನರಕದವನೆಂದು ಆಗ ಬಯಲಾಗಿ ಸಂಸಾರ ಮುರಿಯಿತು. ಗಿಲಿಯರ್ ಒಂಟಿಯಾಗಿ, ಯೋಗರ್ಟ್ ತಿನ್ನುತ್ತಾ, ಎಲ್ಲ ಕಡೆಯೂ ಸೋಲುತ್ತಾ ಬದುಕುತ್ತಾನೆ. ಪ್ರೇಕ್ಷಕರು ಅವನ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದಾರೆ. ರಾಕ್ಷಸರನ್ನು ಕೊಂದು ಲೋಕ ಉಳಿಸುವ ನಾಯಕರಿಗಿಂತ ಒಂದು ಕೈ ಹೆಚ್ಚೇ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಿಲಿಯರ್ ಯಾವ ಆಟಗಾರನ ಪಾತ್ರವೂ ಅಲ್ಲ, ಸಾಂಡ್ರಾ ಲಿನ್ ಕೂಡ ಅಲ್ಲ. ಗಂಡನ ಮಾತು, ಹೆಂಡತಿಯ ಮಾತು, ಆಕೆಯ ಹೊಸ ಗೆಳೆಯನ ಮಾತು ಎಲ್ಲವನ್ನೂ ಆಡುವವರು ಕಥೆ ನಡೆಸುವ ಅದೇ ಬ್ರೆನನ್ ಲೀ ಮಲ್ಲಿಗನ್. ಒಬ್ಬನೇ ಮನುಷ್ಯ ಕುರ್ಚಿಯಲ್ಲಿ ಕುಳಿತು, ದನಿ ಬದಲಿಸಿ ತನಗೆ ತಾನೇ ವಿಚ್ಛೇದನ ಕೊಟ್ಟುಕೊಂಡು, ತಾನೇ ಕೊರಗುತ್ತಾನೆ. ಪ್ರೇಕ್ಷಕರಲ್ಲಿ ಅರ್ಧ ಜನ ಅವನ ಒಂದು ದನಿಯ ಪರ, ಇನ್ನರ್ಧ ಇನ್ನೊಂದು ದನಿಯ ಪರ. ಯಾರದು ತಪ್ಪೆಂದು ಮಲ್ಲಿಗನ್ ಅವರನ್ನೇ ಕೇಳಿದರೆ ವಾದಿ, ಪ್ರತಿವಾದಿ, ನ್ಯಾಯಾಧೀಶ ಮೂವರೂ ಒಟ್ಟಿಗೆ ಎದ್ದು ನಿಲ್ಲಬೇಕಾಗುತ್ತದೆ.

ಅವಲಿರ್ ಏನಾಯಿತು ಎನ್ನುವಿರಾ? ನಾಲ್ಕನೆಯ ಕಂತಿನಲ್ಲಿ ಬಿತ್ತು. ಬೀಳದೆ ಗತಿಯಿರಲಿಲ್ಲ. ಅಭಿಮಾನಿಗಳು ಅತ್ತರು, ಚಿತ್ರ ಬರೆದರು, ಕೊನೆಗೆ ಕಣ್ಣೊರೆಸಿಕೊಂಡು ಕಥೆ ಬರೆಯಲು ಕುಳಿತರು. ಫ್ಯಾನ್ ಫಿಕ್ಷನ್ ಎಂಬ ಉಚ್ಚ ನ್ಯಾಯಾಲಯದಲ್ಲಿ ಯಾವ ತೀರ್ಪನ್ನೂ ರದ್ದು ಮಾಡಬಹುದು. ಅಲ್ಲಿ ದೇವತೆಗಳ ಯುದ್ಧವಾಗುವುದಿಲ್ಲ. ಮಂತ್ರವಿದ್ಯೆಯೂ ಬೇಕಾಗುವುದಿಲ್ಲ. ಅಲ್ಲಿನ ಬಹುಮೆಚ್ಚಿನ ಪದ್ಧತಿಯಂತೆ ಇಂಥ ಜೋಡಿಯನ್ನು ಒಂದು ಕಾಫಿ ಅಂಗಡಿಗೆ ತಂದು ಕೂರಿಸುತ್ತಾರೆ: ಆಕೆ ಅಂಗಡಿಯ ಒಡತಿ, ಆತ ದಿನವೂ ಬರುವ ಗಿರಾಕಿ. ಹಲವು ಅಧ್ಯಾಯಗಳ ಕಾಲ ಬಿಲ್ಲು ಕೊಡುವಾಗ ಬೆರಳು ತಾಕುತ್ತದೆ. ಆಮೇಲೆ ಮದುವೆ. ಓದುಗರು ಹೂಮಳೆ ಸುರಿಸುತ್ತಾರೆ. ಮದುವೆಯಾದ ಮರುವಾರದಿಂದ ಕಥೆಯಲ್ಲಿ ಏನೂ ನಡೆಯುವುದಿಲ್ಲ, ಓದುವವರು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ. ನಿಯಮಕಾರ ಕೊಟ್ಟ ವಾಯಿದೆಯೂ ಒಂದು ವಾರವೇ ಅಲ್ಲವೇ. ಲೇಖಕನಿಗೆ ಬೇರೆ ದಾರಿ ಕಾಣದೆ ಅವರಿಬ್ಬರಿಗೂ ಮತ್ತೆ ವಿಚ್ಛೇದನ ಮಾಡಿಸುತ್ತಾನೆ. ತಕ್ಷಣ ಎಲ್ಲರೂ ವಾಪಸು, ಎರಡೂ ಪಕ್ಷಗಳು ಮತ್ತೆ ಕಣಕ್ಕೆ. ತಪ್ಪು ಯಾರದೆಂದು ಚರ್ಚೆ ಬಿರುಸಾಗಿದೆ. ಕಾಫಿ ಅಂಗಡಿಯಲ್ಲೂ ತಪ್ಪು ಲೊಕ್ವೇಷಿಯಸ್‌ನದೇ. ಬೇಕಾದರೆ ಸಾಕ್ಷಿ ಹೇಳಲು ನಾನು ಸಿದ್ಧ.